ಏರಿಯ ಆಚೆ ಹೋದ ಗುಂಡು

ತಂದೆಯಿಂದ ನನಗೆ ನಾಲ್ಕು ಎಕರೆ ಹೊಲ ಮತ್ತು ಒಂದು ರಿವಾಲ್ವರ್ ಬಂದವು. ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. ಆಯುಧಪೂಜೆಗೆ ಕುಂಕುಮ ಇಡುವುದು, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಆಮೇಲೆ ವಾಪಸು ತರುವುದು, ಬಹಳ ಕಾಲ ಇಷ್ಟೇ ಅದರ ಕೆಲಸವಾಗಿತ್ತು.

ನಮ್ಮ ಊರು ಹುಣಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ರಸ್ತೆಯಿಂದ ಒಳಗಡೆ ಇದೆ. ಮೂರು ವರ್ಷದ ಹಿಂದೆ ಚಿರತೆಯೊಂದು ಜಗಲಿಯ ಮೇಲಿಂದಲೇ ನಮ್ಮ ನಾಯಿಯನ್ನು ಎತ್ತಿಕೊಂಡು ಹೋಯಿತು. ಮಾರನೆಯ ದಿನದಿಂದ ಹೊಗೆಸೊಪ್ಪಿನ ಹೊಲಕ್ಕೆ ಒಬ್ಬನೇ ಹೋಗಲು ನನಗೆ ಕಾಲು ಬರಲಿಲ್ಲ. ರಿವಾಲ್ವರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಆದರೆ ಒಣಗಿದ ಕೆರೆಯೊಳಗೆ ನಿಂತು, ಏರಿಯ ನೆತ್ತಿಯ ಹತ್ತಿರ ಡಬ್ಬದ ಮುಚ್ಚಳ ಒರಗಿಸಿ ಹೊಡೆದು ನೋಡಿದರೆ ಗುಂಡು ಎಡಕ್ಕೆ, ಕೆಳಕ್ಕೆ ಬಿತ್ತು. ಚಿರತೆ ಎದುರಿಗೆ ಬಂದರೂ ಹೀಗೇ ಆಗುತ್ತದೆ ಎಂದು ಇನ್ನಷ್ಟು ಹೆದರಿದೆ.

ಹುಣಸೂರಿನಲ್ಲಿ ಬೀಗ, ಬಂದೂಕು ರಿಪೇರಿ ಮಾಡುವ ಸಾಬರೊಬ್ಬರು ತಂದೆಯ ಕಾಲದಿಂದ ಪರಿಚಯ. ಅವರನ್ನು ಹೋಗಿ ಕೇಳಿದೆ. ರಿವಾಲ್ವರಿನ ಹಿಂಭಾಗದಲ್ಲಿ ಒಂದು ಕಚ್ಚು, ನಳಿಗೆಯ ತುದಿಯಲ್ಲಿ ಒಂದು ಮೊನೆ ಇರುತ್ತವೆ. ಗುರಿ ಹಿಡಿದಾಗ ಕಚ್ಚಿನ ನಡುವೆ ಮೊನೆ ಕೂರಬೇಕು, ಎರಡರ ತಲೆಯೂ ಸಮ ಕಾಣಬೇಕು. ಗುಂಡು ಬಲಕ್ಕೆ ಬರಬೇಕಾದರೆ ಸ್ಕ್ರೂ ತಿರುಗಿಸಿ ಕಚ್ಚನ್ನು ಬಲಕ್ಕೆ ಸರಿಸಬೇಕು, ಮೇಲಕ್ಕೆ ಹೋಗಬೇಕಾದರೆ ಮೊನೆಯನ್ನು ಅರದಿಂದ ಉಜ್ಜಿ ತಗ್ಗಿಸಬೇಕು. ಇದನ್ನೆಲ್ಲ ಬಿಡಿಸಿ ಹೇಳಿದ ಅವರು, ನೀವು ಮಾತ್ರ ಕೈ ಹಾಕಬೇಡಿ ಎಂದರು.

“ಮೊದ್ಲು ಮೂಟೆ ಮೇಲೆ ಕೈ ಊರಿ ಐದು ಗುಂಡು ಹೊಡೀರಿ. ಐದೂ ಒಂದೇ ಕಡೆ ಬಿದ್ರೆ ತನ್ನಿ, ನೋಡಾಣ. ಸಾಲು ಸಾಲಿಗೂ ತಿದ್ದಕ್ಕೆ ಇದು ನೇಗಿಲಲ್ಲ ಯಜಮಾನ್ರೇ. ಉಜ್ಜಿದ್ದು ಮತ್ತೆ ಬೆಳೆಯಲ್ಲ.”

ನಮ್ಮಂಥವರ ಕೈ ಅವರಿಗೆ ಗೊತ್ತಿತ್ತು. ಉಳುವಾಗ ಒಂದು ಸಾಲು ವಾರೆಯಾದರೆ ನಾವು ಮರುಸಾಲಿಗೇ ತಿದ್ದುತ್ತೇವೆ. ನಾನು ಗುರಿಯನ್ನೂ ಹಾಗೇ ತಿದ್ದಿದೆ. ಒಂದು ಗುಂಡು ಹೊಡೆದು ಸ್ಕ್ರೂ ತಿರುಗಿಸಿದೆ, ಇನ್ನೊಂದು ಹೊಡೆದು ಅರ ಆಡಿಸಿದೆ. ಎಷ್ಟು ಉಜ್ಜಿದರೂ ಗುಂಡು ಕೆಳಕ್ಕೇ ಬೀಳುತ್ತಿತ್ತು. ಶಬ್ದಕ್ಕೆ ಹೆದರಿ, ಟ್ರಿಗರ್ ಎಳೆಯುವಾಗ ನಳಿಗೆಯನ್ನು ನಾನೇ ಕೆಳಕ್ಕೆ ಅದುಮುತ್ತಿದ್ದೇನೆ ಎಂಬುದು ಹೊಳೆಯಲೇ ಇಲ್ಲ. ಹಂದಿ ಓಡಿಸಲು ದಿನವೂ ಪಟಾಕಿ ಹೊಡೆಯುವ ಊರಾದ್ದರಿಂದ ಸದ್ದು ಕೇಳಿ ಯಾರೂ ಬರಲಿಲ್ಲ.

ಮೂರನೆಯ ದಿನ ಸಾಬರ ಮೂಟೆ ನೆನಪಾಯಿತು. ಗೊಬ್ಬರದ ಚೀಲಕ್ಕೆ ಮಣ್ಣು ತುಂಬಿ, ಅದರ ಮೇಲೆ ಕೈ ಊರಿ ಹೊಡೆದೆ. ಈ ಸಲ ಕೈ ಅಲುಗಲಿಲ್ಲ, ನಳಿಗೆ ಕೆಳಕ್ಕೆ ಬಗ್ಗಲಿಲ್ಲ. ಏರಿಯಲ್ಲಿ ಮಣ್ಣೂ ಹಾರಲಿಲ್ಲ. ಗುಂಡು ಎಲ್ಲಿ ಹೋಯಿತು ಎಂದುಕೊಳ್ಳುವಷ್ಟರಲ್ಲಿ ಏರಿಯ ಆಚೆಯ ದಿಬ್ಬದಿಂದ ಎತ್ತೊಂದು ಅರಚಿತು. ಅದರ ಹಿಂದೆಯೇ ಮನುಷ್ಯನ ದನಿ.

ನಾನು ಹೋಗಿ ನೋಡಲಿಲ್ಲ. ಇಷ್ಟು ದಿನ ಬಾಯಿ ಬಿಡದೆ ಇಟ್ಟುಕೊಂಡದ್ದು ಇದನ್ನೇ. ಆಚೆ ಬಿದ್ದದ್ದು ಎತ್ತೋ ಮನುಷ್ಯನೋ ತಿಳಿಯದೆ ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಬೀದಿಯಲ್ಲಿ ನಾಲ್ಕು ಜನರ ಕಾಲಿನ ಸದ್ದಾದರೆ ಹೆಣ ತಂದರು ಅನ್ನಿಸುತ್ತಿತ್ತು. ಪಕ್ಕದ ಹೊಲದವನ ಎತ್ತಿನ ಕುತ್ತಿಗೆಗೆ ಗುಂಡು ಬಿದ್ದಿದೆ, ಅವನಿಗೇನೂ ಆಗಿಲ್ಲ ಎಂದು ಸಂಜೆ ಹೆಂಡತಿ ಬಂದು ಹೇಳಿದಳು.

ಎತ್ತು ಎರಡು ದಿನ ನರಳಿ ಸತ್ತಿತು. ಕಾಕನಕೋಟೆ ಕಾಡಿನ ಕಡೆಯಿಂದ ಬಂದ ಕಳ್ಳಬೇಟೆಯವರ ಕೆಲಸ ಎಂದು ಊರು ತೀರ್ಮಾನಿಸಿತು. ನಾನೂ ಹೌದೆಂದೆ. ಪಕ್ಕದ ಹೊಲದವನ ಉಳುಮೆಗೆ ನನ್ನ ಎತ್ತು ಕೊಟ್ಟು ದೊಡ್ಡ ಮನಸ್ಸಿನವನು ಎನ್ನಿಸಿಕೊಂಡೆ. ಚುನಾವಣೆಗೆ ರಿವಾಲ್ವರ್ ಒಪ್ಪಿಸಲು ಹೋದ ದಿನ, ಪೊಲೀಸಿನವರು ಅದರ ನಂಬರ್ ಬರೆದುಕೊಳ್ಳುವಾಗ ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ. ಗುಂಡನ್ನು ಏರಿ ದಾಟಿಸಿದ್ದ ಆ ಉಜ್ಜಿದ ಮೊನೆಯನ್ನು ಯಾರೂ ಗಮನಿಸಲಿಲ್ಲ.

ಪಕ್ಕದ ಹೊಲದವನ ಹೆಂಡತಿ ಹುಲ್ಲು ಕೊಯ್ಯಲು ದಿಬ್ಬದ ಕಡೆ ಹೋಗುವುದನ್ನೇ ಬಿಟ್ಟಳು. ಅವನು ದನಗಳನ್ನು ಒಂದು ಮೈಲಿ ಸುತ್ತಿಸಿ ಹೊಡೆದುಕೊಂಡು ಹೋಗುತ್ತಿದ್ದ. ಚಿರತೆಗೆ ನಾನು ಹೆದರಿದಂತೆ ಆ ಮನೆಯವರು ನನಗೆ ಹೆದರಿಕೊಂಡು ಬದುಕುತ್ತಿದ್ದರು, ನಾನೆಂದು ತಿಳಿಯದೆ. ಅವನು ಹಾಗೆ ಸುತ್ತು ಹಾಕುವುದನ್ನು ಎರಡು ವರ್ಷಕ್ಕಿಂತ ಹೆಚ್ಚು ಕಾಲ ಜಗಲಿಯಲ್ಲಿ ಕೂತು ನೋಡಿದೆ. ಕಳೆದ ತಿಂಗಳು ಒಂದು ಬೆಳಿಗ್ಗೆ ನೋಡಲಾರದೆ ಅವನ ಕೊಟ್ಟಿಗೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ.

ಅವನು ಸಗಣಿ ಮಂಕರಿ ಕೆಳಗಿಟ್ಟ. ಎಲ್ಲಿ ನಿಂತು ಹೊಡೆದೆ ತೋರಿಸು ಎಂದ. ಕೆರೆಯೊಳಗೆ ನನ್ನನ್ನು ಅದೇ ಜಾಗದಲ್ಲಿ ನಿಲ್ಲಿಸಿ, ತಾನು ಏರಿ ದಾಟಿ ದಿಬ್ಬದ ಮೇಲೆ ಎತ್ತು ಇದ್ದಲ್ಲಿ ಹೋಗಿ ನಿಂತ. ಏರಿಯ ಮೇಲೆ ಅವನ ತಲೆ, ಕತ್ತು, ಎದೆ ನನಗೆ ಚೆನ್ನಾಗಿ ಕಂಡವು. ತಿರುಗಿ ಬಂದವನು ನನ್ನ ಮುಖ ನೋಡದೆ ಹೇಳಿದ:

“ಅವತ್ತು ಎತ್ತಿನ ಅಗ್ಗ ಬಿಚ್ಚಕ್ಕೆ ಬಗ್ಗಿದ್ದೆ ಕಣಣ್ಣ.”

ಹೆದರಿಕೆಯಾಗಿ ಹೊರಟುಹೋದೆ ಎಂದೆ.

“ನಾನೇ ಬಿದ್ದಿದ್ರೂ ಅಂಗೇ ಓಗ್ಬುಡ್ತಿದ್ದಾ?”

ಹೌದು ಎಂದೆ. ಬೇರೆ ಹೇಳಿದ್ದರೆ ಸುಳ್ಳಾಗುತ್ತಿತ್ತು.

ಠಾಣೆಗೆ ಹೋಗೋಣ, ಇದನ್ನೇ ಅಲ್ಲಿಯೂ ಹೇಳು ಎಂದು ಅವನು ಬೈಕ್ ತಂದ. ನಾನು ಲೈಸೆನ್ಸ್ ಪುಸ್ತಕ ತೆಗೆದುಕೊಂಡು, ರಿವಾಲ್ವರನ್ನು ಟವಲಿನಲ್ಲಿ ಸುತ್ತಿ ಹಿಂದೆ ಕುಳಿತೆ. ಗುಂಡು ತೆಗೆದಿದ್ದೀಯಾ ಎಂದು ಕೇಳಿದ. ತೆಗೆದಿದ್ದೇನೆ ಎಂದೆ. ಅವನು ನಂಬಲಿಲ್ಲ. ನನ್ನನ್ನು ಕೆಳಗಿಳಿಸಿ ಟವಲು ಬಿಚ್ಚಿಸಿದ. ಆರು ತೂತುಗಳಿಗೂ ಒಂದೊಂದಾಗಿ ಕಿರುಬೆರಳಿನ ತುದಿ ಒತ್ತಿ ನೋಡಿದ ಮೇಲೆಯೇ ಬೈಕ್ ಹತ್ತು ಎಂದ.