ಹರಿದ ಸೀರೆ ಉಟ್ಟು ಬಾ ಎಂದವನು ನಾನೇ

ಗುರುಬಾಯಿಗೆ ಹರಿದ ಸೀರೆ ಉಟ್ಟುಕೊಂಡು ಬಾ ಎಂದು ಹೇಳಿದವನು ನಾನು. ಸಂಘದ ಕಾರ್ಯದರ್ಶಿಗಳ ಅಪ್ಪಣೆಯಾಗಿತ್ತು ಎಂದು ಬರೆದರೆ ನೀವು ನಂಬುತ್ತೀರಿ, ಅವರು ಈಗ ಇಲ್ಲ — ಆದರೆ ಅಪ್ಪಣೆ ಇರಲಿಲ್ಲ. ಯೋಚನೆ ನನ್ನದೇ.

ಸಂಘದ ಕೆಲಸಕ್ಕೆ ಹೊಸದಾಗಿ ಸೇರಿದ ತಮ್ಮಂದಿರು ನೀವು. ಮೊನ್ನೆ ಆಳಂದದ ಕಚೇರಿಯಲ್ಲಿ ಕೇಳಿದಿರಿ — "ಅಣ್ಣಾವ್ರ, ದಾನ ಕೊಡೋರು ಬಂದ್ರ ಅವರಿಗಿ ಏನು ತೋರಸ್ಬೇಕ್ರಿ?" ನಾನು ಬೇರೆ ಮಾತು ತೆಗೆದೆ. ಹೇಳಬೇಕಾಗಿದ್ದದ್ದು ಇದು.

ನಮ್ಮ ಮನೆತನದಲ್ಲಿ ಶಾಲೆಯ ಹೊಸ್ತಿಲು ದಾಟಿದ ಮೊದಲಿಗ ನಾನು. ಅವ್ವ ಅಫಜಲಪುರದಲ್ಲಿ ಕಂಡವರ ಹೊಲದ ಹತ್ತಿ ಬಿಡಿಸಿ ಓದಿಸಿದಳು. ಹೈದರಾಬಾದಿನಲ್ಲಿ ಧರ್ಮದ ಊಟ ಉಂಡು ಬಿ.ಎ. ಮಾಡಿದೆ. ಹೇಳುವಾಗ ಈಗಲೂ ಬೆನ್ನು ನೆಟ್ಟಗಾಗುತ್ತದೆ, ಆಗಲಿ. ಸರ್ಕಾರಿ ನೌಕರಿ ಬೇಡವೆಂದು ಸಂಘ ಸೇರಿ, ಮಟಕಿ ಎಂಬ ಹಳ್ಳಿಯಲ್ಲಿ ಕನ್ನಡ ಶಾಲೆ ನಡೆಸಲು ಬಂದೆ. ಮಕ್ಕಳಿಗೆ ಅಕ್ಷರ, ಮಧ್ಯಾಹ್ನ ಅಂಬಲಿ.

ಗುರುಬಾಯಿ ಯಾರೂ ಹೇಳದೆಯೇ ಬಂದು ಶಾಲೆಯ ಅಂಗಳ ಸಾರಿಸುತ್ತಿದ್ದಳು. ಸೋಲಾಪುರದ ಗಿರಣಿಗೆ ದುಡಿಯಲು ಹೋದ ಗಂಡ ತಿರುಗಿ ಬಂದಿರಲಿಲ್ಲ. ಮಗ ಇನ್ನೂ ಚಿಕ್ಕವನು, ಅಂಬಲಿಯ ಹೊತ್ತಿಗೆ ಶಾಲೆಗೆ ಬರುತ್ತಿದ್ದ. ಮಗಳು ಕಾಶಿ ತರಗತಿಯಲ್ಲಿ ಎಲ್ಲರಿಗಿಂತ ಚುರುಕು. ಅವಳು ಹಲಗೆಯ ಮೇಲೆ ಬರೆಯುವುದನ್ನು ತಾಯಿ ಪೊರಕೆ ಹಿಡಿದುಕೊಂಡೇ ನಿಂತು ನೋಡುವಳು. "ಇಕಿನೂ ನಿಮ್ಮಂಗ ಆಗ್ಬೇಕ್ರಿ ಮಾಸ್ತರ್. ದೊಡ್ಡ ಸಾಲಿ ಕಲೀಬೇಕು."

ಆ ವರ್ಷ ಸಂಘದ ಕೈ ಬರಿದಾಗಿತ್ತು. ಗುಲಬರ್ಗಾದ ಒಬ್ಬ ಸಾಹುಕಾರರು ನೋಡಲು ಬರುತ್ತೇನೆಂದರು — ಅವರ ಮನಸ್ಸು ಕರಗದಿದ್ದರೆ ಶಾಲೆಗೆ ಬೀಗ. ಆ ದಿನ ಬೆಳಿಗ್ಗೆ ಗುರುಬಾಯಿ ಅಂಗಳ ಸಾರಿಸಿ, ಮನೆಗೆ ಹೋಗಿ, ಪಂಚಮಿಗೆ ಅಣ್ಣ ಉಡಿಸಿದ ಇಳಕಲ್ ಸೀರೆ ಉಟ್ಟು ಬಂದಳು. ಅವಳಲ್ಲಿದ್ದ ಒಂದೇ ಒಳ್ಳೆಯ ಸೀರೆ. ನನಗಿಂತ ಹಿರಿಯಳು, ಆದರೂ ನಾನು ಏಕವಚನದಲ್ಲೇ ಅಂದೆ —

"ಗುರುಬಾಯಿ, ಈ ಸೀರಿ ಬ್ಯಾಡ. ಮನ್ಯಾಗ ಹರದದ್ದು ಅದ ಅಲ್ಲ, ಅದನ್ನ ಉಟ್ಕೊಂಡು ಬಾ."

ಅವಳು ನಕ್ಕಳು. "ಚಾಷ್ಟಿ ಮಾಡಬ್ಯಾಡ್ರಿ ಮಾಸ್ತರ್. ದೊಡ್ಡವ್ರು ಬರಾಕತ್ತಾಗ ಯಾರರ ಹರಕ ಉಟ್ಟು ನಿಂದರ್ತಾರೇನ್ರಿ?"

"ಹಿಂಗ ನಿಂತ್ರ ಇಕಿಗೇನು ಕಡಿಮಿ ಅದ ಅಂತಾರ ಅವರು. ಸಾಲಿ ಮುಚ್ಚಿದ್ರ ಕಾಶಿ ಎಲ್ಲಿ ಕಲೀತಾಳ?"

ಕಾಶಿಯ ಹೆಸರು ಬರುತ್ತಲೇ ನಗು ನಿಂತಿತು. ಮನೆಗೆ ಹೋದಳು — ಹರಿದದ್ದನ್ನು ಉಟ್ಟು ಬಂದಳು. ಬಾವಿಕಟ್ಟೆಯ ಮೇಲಿನ ಮುದುಕಿಯೊಬ್ಬಳು ಕೂಗಿದ್ದು ನನಗೂ ಕೇಳಿಸಿತು — "ಏನಬೇ ಗುರುಬಾಯಿ, ಈಗಿನ್ನ ಮದಲಗಿತ್ತಿ ಆಗಿದ್ದಿ, ಇಷ್ಟರಾಗ ಏನಾತು?"

ಸಾಹುಕಾರರ ಮುಂದೆ ಅವಳನ್ನು ನಿಲ್ಲಿಸಿ, ನಾನು ಹೈದರಾಬಾದಿನಲ್ಲಿ ಕಲಿತ ಒಳ್ಳೆಯ ಉರ್ದುವಿನಲ್ಲಿ ಅವಳ ಸಂಕಟ ವರ್ಣಿಸಿದೆ. ಅವಳಿಗೆ ತಿಳಿಯದ ಭಾಷೆ. ಸೋಲಾಪುರ ಎಂಬ ಹೆಸರು ಮಾತ್ರ ಕಿವಿಗೆ ಬಿದ್ದಿರಬೇಕು — ಗಂಡನ ಮಾತೆಂದು ತಿಳಿದು ಸೆರಗು ಮುಂದಕ್ಕೆಳೆದುಕೊಂಡಳು. ಎಳೆದಾಗ ಹರಿದ ಜಾಗ ಇನ್ನೂ ಅಗಲವಾಯಿತು. ಎದುರಿಗೇ ಮಗ್ಗಿ ಒಪ್ಪಿಸುತ್ತಿದ್ದ ಕಾಶಿ ನಡುವೆಯೇ ನಿಲ್ಲಿಸಿಬಿಟ್ಟಳು. ಸಾಹುಕಾರರು ಕಣ್ಣೊರೆಸಿಕೊಂಡರು. ನಾನು — ಒಳಗೊಳಗೇ ಗೆದ್ದೆ ಅಂದುಕೊಂಡೆ. ಇದನ್ನೂ ಬರೆಯಬೇಕು.

ಶಾಲೆ ಉಳಿಯಿತು. ಮರುದಿನದಿಂದ ಕಾಶಿ ಬರಲಿಲ್ಲ.

ಕೆಲವು ದಿನ ಕಾದು ಅವರ ಮನೆಗೆ ಹೋದೆ. ಹುಡುಗಿ ಒಳಗಿನಿಂದ ಹೊರಗೆ ಬರಲೇ ಇಲ್ಲ. ತಾಯಿ ಬಾಗಿಲಲ್ಲಿ ನಿಂತು ಅಂದಳು, "ಎಷ್ಟು ಹೇಳಿದ್ರೂ ಒಲ್ಲೆ ಅಂತಾಳ್ರಿ. 'ಅವ್ವಾ, ನಾ ಕಲಿಯಾಕ ಹೋದ್ರ ನಿನಗ ಹರಕ ಸೀರಿ ಉಡಸ್ತಾರ' ಅಂತಾಳ."

"ನಂದು ತಪ್ಪಾತು ಬಾಯಿ," ಎಂದೆ. ಬೈಯಲಿ ಎಂದು ಕಾದೆ. ಅವಳು ಬೈಯಲಿಲ್ಲ, ಹೆದರಿದಳು. ಕೈ ಮುಗಿದಳು. "ಹಂಗನಬ್ಯಾಡ್ರಿ. ಸಣ್ಣವನು ನಿಮ್ಮ ಅಂಬಲಿ ಮ್ಯಾಲೇ ಅದಾನ. ನಿಮ್ಮ ಮ್ಯಾಲ ಸಿಟ್ಟು ಮಾಡಿ ನಾ ಎಲ್ಲಿ ಹೋಗ್ಲಿ?"

ಕ್ಷಮೆ ಕೇಳಲು ಹೋದವನಿಗೆ ಅವಳು ಇಲ್ಲ ಎನ್ನುವ ಹಾಗೇ ಇರಲಿಲ್ಲ. ಅವಳ ಮಗನ ಅನ್ನದ ಬಟ್ಟಲು ನನ್ನ ಕೈಯಲ್ಲಿತ್ತು — ಅದನ್ನು ಹಿಡಿದುಕೊಂಡೇ ಹೋಗಿದ್ದೆ ನಾನು, ತಿಳಿಯದೆ. ಮರುದಿನವೂ ಅವಳು ಬಂದು ಅಂಗಳ ಸಾರಿಸಿದಳು. ನಾನು ನೋಡುತ್ತ ನಿಂತೆ. ಬೇಡ ಎಂದರೂ ಹೆದರುತ್ತಿದ್ದಳು, ಸುಮ್ಮನಿದ್ದರೂ...

ಬುದ್ಧಿಮಾತು ಕೇಳಿದ್ದೀರಿ. ಬರುವವರಿಗೆ ಏನು ತೋರಿಸಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಯಾರನ್ನು ನಿಲ್ಲಿಸುತ್ತೀರೋ ಅವರು ಬೇಡ ಎನ್ನಬಲ್ಲರೇ — ಅದನ್ನು ಮೊದಲು ನೋಡಿ. ನಾನು ನೋಡಲಿಲ್ಲ.

ಕಾಶಿಯನ್ನು ಬೇಗನೇ ಜೇವರ್ಗಿ ಕಡೆಗೆ ಮದುವೆ ಮಾಡಿ ಕೊಟ್ಟರು. ಹೋದ ವರ್ಷ ಆ ಊರಿನವರೊಬ್ಬರು ಸಿಕ್ಕಿದ್ದರು. ನಿನಗೆ ಓದು ಬರುತ್ತದೆಯೇ ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನುತ್ತಾಳಂತೆ.

ಬರುತ್ತದೆ. ನಾನೇ ಕಲಿಸಿದ್ದೆ.