ಸಂಜೆಯ ‘ಹೋಗನ’

ಚಾಮರಾಜನಗರದಲ್ಲಿ ಕರಿಕಲ್ಲು ರಫ್ತು ಮಾಡುವ ಕಚೇರಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಮೊಬೈಲಿಗೆ ಮೇಲ್ ಬಾರದಿದ್ದ ಕಾಲ ಅದು. ನಮ್ಮ ಲೋಡಿಂಗ್ ಸೂಪರ್‌ವೈಸರ್ ಪುಣಜನೂರಿನ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡ. ಅವನ ಹೆಂಡತಿ ನಮ್ಮಲ್ಲೇ ಲೆಕ್ಕಪತ್ರ ವಿಭಾಗದಲ್ಲಿದ್ದಳು. ತಿಥಿ ಮುಗಿಸಿ ಅವಳು ಮತ್ತೆ ಕೆಲಸಕ್ಕೆ ಬಂದಳು.

ಅವನು ಹೋದರೂ ಅವನ ಕ್ಯಾಲೆಂಡರ್ ಹೋಗಿರಲಿಲ್ಲ. ವಾರವಾರದ ಮೀಟಿಂಗ್‌ಗಳು ಅವನ ಹೆಸರಲ್ಲೇ ಕೋಣೆ ಹಿಡಿದು ಕೂತಿದ್ದವು. ಮ್ಯಾನೇಜರ್ ನನ್ನನ್ನು ಕರೆದ.

“ಸತ್ತೋನ ಎಸ್ರಲ್ಲಿ ರೂಮ್ ಬುಕ್ಕಾಗಿದ್ರೆ ಬದುಕಿರೋರು ಎಲ್ಲಿ ಕೂತ್ಕಳದಯ್ಯ? ಎಲ್ಲಾನೂ ಒಂದೇ ಸಲ ತೆಗುದ್ಬುಡು.”

ನನಗೆ ಮೈ ಉರಿಯಿತು. ಆದರೂ ಆಗಲಿ ಎಂದೆ.

ಮೇಲ್ ಸರ್ವರಿನ ವೆಬ್ ಸರ್ವಿಸ್ ಬಳಸಿ ಸಣ್ಣದೊಂದು ಪ್ರೋಗ್ರಾಮ್ ಬರೆದೆ. ಅವನ ಪಾಸ್‌ವರ್ಡ್ ಬೇಕಿರಲಿಲ್ಲ; ನನಗೆ ಕೊಟ್ಟಿದ್ದ ಅಧಿಕಾರದಿಂದ ಅವನ ಹೆಸರಲ್ಲೇ ಒಳಹೊಕ್ಕು ಮೇಲ್, ಕ್ಯಾಲೆಂಡರ್ ಎರಡನ್ನೂ ಮುಟ್ಟಬಹುದಿತ್ತು. ಮೀಟಿಂಗ್ ಅಳಿಸುವಾಗ ಪ್ರೋಗ್ರಾಮಿಗೆ ಒಂದು ವಿಷಯ ಹೇಳಲೇಬೇಕು: ಆಹ್ವಾನ ಹೋದವರಿಗೆಲ್ಲ ರದ್ದಾಯಿತೆಂದು ತಿಳಿಸಬೇಕೋ ಬೇಡವೋ. ತಿಳಿಸು ಎಂದ ಮ್ಯಾನೇಜರ್. ಹಾಗೇ ಬರೆದು ಓಡಿಸಿದೆ.

ಸ್ವಲ್ಪ ಹೊತ್ತಿಗೆ ಅವನ ಹೆಂಡತಿ ನನ್ನ ಮೇಜಿನ ಹತ್ತಿರ ಬಂದು ನಿಂತಳು.

“ಅಣ್ಣ, ಇವ್ರು ನಂಗೆ ಮೇಲ್ ಕಳ್ಸವ್ರೆ.”

ಎದ್ದು ಹೋಗಿ ನೋಡಿದೆ. ಗಂಡನ ಹೆಸರಿನಿಂದಲೇ ಬಂದಿತ್ತು: ‘ಹೋಗನ’ ರದ್ದಾಗಿದೆ. ಹೋಗೋಣ ಅಂತ, ತಮ್ಮೂರು ತೆರಕಣಾಂಬಿಯ ಬಸ್ಸಿಗೆ ಒಟ್ಟಿಗೆ ಹೊರಡಲೆಂದು ಅವನು ದಿನಾ ಸಂಜೆಗೆ ಹಾಕಿಟ್ಟಿದ್ದ ತಮಾಷೆಯ ಮೀಟಿಂಗ್ ಅದು. ಆಹ್ವಾನ ಅವಳೊಬ್ಬಳಿಗೇ. ಅವನು ಸತ್ತ ಮೇಲೂ ಅದು ಸಂಜೆಯಾದರೆ ಅವಳ ಪರದೆಯ ಮೇಲೆ ಟಣ್ ಎನ್ನುತ್ತಿತ್ತು.

“ಅದೊಂದು ಉಳ್ದಿತ್ತು,” ಎಂದಳು. “ಅದು ಕೂಗುದ್ಮೇಲೇ ನಾನು ಏಳ್ತಿದ್ದುದ್ದು.”

ಮತ್ತೆ ಹಾಕಿಕೊಡುತ್ತೇನೆ ಎಂದೆ. ಅವನ ಹೆಸರಿನಿಂದಲೇ ಬರುವ ಹಾಗೆ ಮಾಡಬಹುದು, ಮೊದಲಿನ ಹಾಗೇ ಇರುತ್ತದೆ ಎಂದೂ ಹೇಳಿದೆ. ಆಕೆ ನನ್ನನ್ನೇ ನೋಡಿದಳು.

“ಬ್ಯಾಡ ಬುಡಿ. ಆಗ ಕರಿಯೋರು ನೀವಾಯ್ತೀರ.”

ಆ ಸಂಜೆ ಉಳಿದವರೆಲ್ಲ ಎದ್ದು ಹೋದೆವು. ವಾಚ್‌ಮನ್ ದೀಪ ಆರಿಸಲು ಬಂದಾಗ ಆಕೆ ಇನ್ನೂ ಕುರ್ಚಿಯಲ್ಲೇ ಕೂತಿದ್ದಳಂತೆ. ಬಸ್ಸಿನ ಹೊತ್ತಾಯಿತಾ ಎಂದು ಅವನನ್ನು ಕೇಳಿದಳಂತೆ.