ನೀರು ಬರಬಾರದಿದ್ದ ಬೋರು

ಎದುರಿನ ಸೈಟಿನಲ್ಲಿ ಸಿಮೆಂಟು ಕಲಸುತ್ತಿದ್ದಾರೆ. ಆ ಹಸಿ ವಾಸನೆ ಕಿಟಕಿಯಿಂದ ಒಳಗೆ ಬಂದರೆ ನನ್ನ ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ. ಮಸ್ಕಿಯ ಚಾಚಾ ಕಣ್ಣಮುಂದೆ ಬರುತ್ತಾರೆ...

ಭೂವಿಜ್ಞಾನದ ಪದವಿ ಮುಗಿಸಿದ ಮೇಲೆ ನಾನು ಸಿಂಧನೂರಿನಿಂದ ದಿನವೂ ಬಸ್ಸು ಹಿಡಿದು ಒಂದು ಸರ್ವೆ ತಂಡದ ಕೆಲಸಕ್ಕೆ ಹೋಗುತ್ತಿದ್ದೆ. ಅಣುಸ್ಥಾವರದ ತ್ಯಾಜ್ಯವನ್ನು ನೆಲದಾಳದಲ್ಲಿ ಹೂಳಬೇಕಾದರೆ ಅಲ್ಲಿಯ ಬಂಡೆ ಲಕ್ಷಾಂತರ ವರ್ಷ ಅಲುಗಬಾರದು. ಅದರೊಳಗೆ ನೀರು ಹರಿಯಬಾರದು. ಅಂಥ ಬಂಡೆ ಸಿಗುತ್ತದೆಯೇ ಎಂದು ಮಸ್ಕಿ, ಲಿಂಗಸುಗೂರಿನ ನಡುವೆ ಕೊರೆದು ನೋಡುತ್ತಿದ್ದೆವು. ಕೊರೆದದ್ದು ನಾವೆಲ್ಲ ಚಾಚಾ ಎಂದು ಕರೆಯುತ್ತಿದ್ದ ಹಿರಿಯರೊಬ್ಬರ ಹೊಲದಲ್ಲಿ. ಗುಡ್ಡದ ಬುಡದ ಆ ಹೊಲಕ್ಕೆ ಕಾಲುವೆ ನೀರು ಹತ್ತುತ್ತಿರಲಿಲ್ಲ. ಮಸ್ಕಿಯಲ್ಲಿ ಅವರದು ಪಂಕ್ಚರ್ ಅಂಗಡಿ. ಹೊಲದಲ್ಲಿ ನಿಂಬೆ ಗಿಡ ಹಚ್ಚಬೇಕೆಂಬುದೊಂದೇ ಅವರ ಆಸೆ.

ಯಂತ್ರ ಬಂದ ದಿನ ತೆಂಗಿನಕಾಯಿ, ಊದಿನಕಡ್ಡಿ ಹಿಡಿದು ಬಂದರು. ನಮ್ಮ ಕಡೆ ಬೋರಿನ ಗಾಡಿ ಬಂದಿತೆಂದರೆ ನೀರಿಗೇ ಬಂದಂತೆ. ನಾನು ವಿಷಯ ತಿಳಿಸಿದಾಗ ಬಿದ್ದುಬಿದ್ದು ನಕ್ಕರು.

"ನೀರು ಬರಬಾರ್ದು ಅಂತ ಬೋರ್ ಹಾಕೋ ಮಂದಿನ್ನ ಇವತ್ತೇ ನೋಡಾಕತ್ತೀನಿ ಬೇಟಿ. ಇಷ್ಟ್ ಓದಿ ಹಿಂಗಾದ್ರೇನು ನೀವು?"

ಆದರೂ ಕಾಯಿ ಒಡೆದೇ ಹೋದರು. ಸಂಜೆ ಅಂಗಡಿ ಮುಚ್ಚಿ ಬರುತ್ತಿದ್ದರು. ಬಿರುಕಿಲ್ಲದ ಕಲ್ಲಿನ ಉದ್ದುದ್ದ ತುಂಡುಗಳು ಮೇಲೆ ಬಂದಷ್ಟೂ ನಮ್ಮ ಇಂಜಿನಿಯರ್ ಗೆಲುವಾಗುತ್ತಿದ್ದರು, ಚಾಚಾ ಸಪ್ಪಗಾಗುತ್ತಿದ್ದರು.

ಒಂದು ಮಧ್ಯಾಹ್ನ ತುಕ್ಕಿನ ಬಣ್ಣದ ಪುಡಿಗಲ್ಲು ಬಂತು. ಯಂತ್ರ ನಿಲ್ಲಿಸಿದರೂ ಕೊಳವೆಯಿಂದ ನೀರು ಉಕ್ಕುತ್ತಲೇ ಇತ್ತು. ಚಾಚಾ ಆ ನೀರಿನಲ್ಲಿ ಮುಖ ತೊಳೆದುಕೊಂಡರು. ನಮ್ಮ ಇಂಜಿನಿಯರ್ ಹಣೆ ಒರೆಸಿಕೊಂಡರು. ಕೊರೆದ ಬೋರನ್ನು ತಳದಿಂದ ಸಿಮೆಂಟು ತುಂಬಿ ಮುಚ್ಚುವುದು ಕರಾರಿನಲ್ಲೇ ಇತ್ತು. ಚಾಚಾ ಬೇಡಿಕೊಂಡರು, ನಾನೂ ಕೇಳಿದೆ. ಇಂಜಿನಿಯರ್ ಆಗುವುದಿಲ್ಲವೆಂದರು.

ಮರುದಿನ ಚಾಚಾ ಸ್ಟೀಲಿನ ಕೊಡ ಹಿಡಿದು ಬಂದರು. ಹೊಸ ನೀರೆಂದು ಚಪ್ಪಲಿ ಬಿಟ್ಟು ಹತ್ತಿರ ಹೋದರು.

"ಒಂದ್ ಕೊಡ ತುಂಬ್ಕೊಂತೀನಿ, ತಡೀರಿ. ಇಲ್ಲಂದ್ರ ನಿಮ್ಮ ಚಾಚಿ ನಂಬಂಗಿಲ್ಲ."

ಕೊಡ ತುಂಬುವವರೆಗೂ ಎಲ್ಲರೂ ಕಾದರು. ಅವರು ಕೊಡ ಹೆಗಲಿಗೇರಿಸಿ ದೂರ ಸರಿದ ಮೇಲೆ ಸಿಮೆಂಟಿನ ಪಂಪು ಶುರುವಾಯಿತು. ಅಷ್ಟರಲ್ಲಿ ಚಪ್ಪಲಿ ನೆನಪಾಗಿ ತಿರುಗಿ ಬಂದರು. ಪೈಪಿನ ಜೋಡಣೆ ಥರಥರ ನಡುಗುತ್ತಿದ್ದುದು ನನಗೆ ಕಾಣಿಸಿತು. ಕೂಗಿದೆ. ಇಂಜಿನ್ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಪೈಪು ಕಿತ್ತುಬಂದು ಹಾವಿನಂತೆ ಎದ್ದು ಅವರ ಕಪಾಳಕ್ಕೆ ಬಡಿಯಿತು... ಈಗಲೂ ಕನಸಿನಲ್ಲಿ ಕೂಗುತ್ತೇನೆ. ಅಲ್ಲೂ ದನಿ ಹೊರಡುವುದಿಲ್ಲ.

ಲಿಂಗಸುಗೂರಿಗೆ ಹೊರಟ ಜೀಪಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. "ಚಪ್ಪಲಿ ಅಲ್ಲೇ ಉಳದಾವ್ ನೋಡ್ ಬೇಟಿ," ಎಂದರು. ತರುತ್ತೇನೆ ಎಂದೆ. ಆಸ್ಪತ್ರೆ ಬರುವಷ್ಟರಲ್ಲಿ ಅವರು ಇರಲಿಲ್ಲ.

ಅವರನ್ನು ಮಣ್ಣು ಮಾಡಿದ ಮೇಲೆ ಹೊಲಕ್ಕೆ ಹೋದೆ. ಬೋರು ಮುಚ್ಚಿಯಾಗಿತ್ತು. ಸುತ್ತ ಚೆಲ್ಲಿದ ಸಿಮೆಂಟು ಬಂಡೆಯಾಗಿತ್ತು. ಅದರಲ್ಲಿ ಎರಡೂ ಚಪ್ಪಲಿ ಅರ್ಧ ಹೂತಿದ್ದವು. ಎಳೆದೆ, ಕಲ್ಲಿನಿಂದ ಜಜ್ಜಿದೆ. ಒಂದರ ಪಟ್ಟಿ ಮಾತ್ರ ಕಿತ್ತು ಕೈಗೆ ಬಂತು.

ಅಲ್ಲಿಯ ಬಂಡೆ ಯೋಗ್ಯವಲ್ಲವೆಂದು ವರದಿಯಾಯಿತು. ತಂಡ ಬೇರೆ ಕಡೆ ಹೋಯಿತು. ನಾನು ಹೋಗಲಿಲ್ಲ.

ಎದುರಿನ ಸೈಟಿನ ಹುಡುಗಿ ಈಗ ನಿನ್ನೆ ಹಾಕಿದ ಸಿಮೆಂಟಿಗೆ ಪೈಪಿನಿಂದ ನೀರು ಬಿಡುತ್ತಿದ್ದಾಳೆ. ಹುಷಾರು ಎಂದು ಕೂಗಬೇಕೆನಿಸಿತು. ಕಿಟಕಿ ಮುಚ್ಚಿದೆ.